ಗಿಟಾರ್‌ಗೆ ಹಿಡಿಕೆ ಯಾಕೆ?

(ಗಿಟಾರ್ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ನುಡಿಸಿ ತೋರಿಸಿದ್ದನ್ನು ಇಲ್ಲಿ ಬರೀ ಮಾತಿನಲ್ಲಿ ಹೇಳಲು ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಈ ಗಿಟಾರನ್ನು ಸ್ವಲ್ಪ ಎತ್ತಿ ಹಿಡಿಯುತ್ತೇನೆ. ಹಿಂದಿನ ಸಾಲಿನವರಿಗೂ ಕಾಣಲಿ. ಏನು ಕಂಡಿತು ಹೇಳಿ? ಹೌದು, ತೂತು. ದಪ್ಪ ತಂತಿಯ ಕಡೆ, ಬಾಡಿಯ ಅಂಚಿನಲ್ಲಿ ಈ ಕಡೆಯಿಂದ ಆ ಕಡೆಗೆ ಕೊರೆದಿರುವ ತೂತು. ನಾಲ್ಕು ಬೆರಳು ಆರಾಮಾಗಿ ತೂರುತ್ತವೆ. ಸೂಟ್‌ಕೇಸಿಗೆ ಇರುತ್ತಲ್ಲ, ಹಾಗೆ ಗಿಟಾರ್‌ಗೊಂದು ಹಿಡಿಕೆ. ಇದಕ್ಕೆ ‘ಮಂಕಿ ಗ್ರಿಪ್’ ಅಂತ ಹೆಸರು.

ಈ ಗಿಟಾರಿನ ಹೆಸರು ಜೆಮ್, ಮಾಡಿದ್ದು ಐಬನೆಜ್ ಕಂಪನಿ. ಗಿಟಾರ್ ವಾದಕ ಸ್ಟೀವ್ ವಾಯ್ ಅವರ ಸಿಗ್ನೇಚರ್ ಮಾಡೆಲ್, ಅಂದರೆ ಅವರ ಹೆಸರಿನಲ್ಲಿ, ಅವರ ಬೇಡಿಕೆಯಂತೆ ಕಂಪನಿ ಮಾಡಿದ ಗಿಟಾರ್. 1987ರಲ್ಲಿ ಬಂತು. ನಾನು ಇದನ್ನು ಯಾರಿಗೇ ತೋರಿಸಲಿ, ಮೊದಲ ಪ್ರಶ್ನೆ ಒಂದೇ: ಇದು ಯಾಕೆ? ಎರಡನೆಯದು ಪ್ರಶ್ನೆ ಅಲ್ಲ, ನಗು.

ನಗಬಾರದು ಅಂತ ನಾನು ಹೇಳಲ್ಲ. ಈ ತೂತಿನಿಂದ ನಾದಕ್ಕೆ ಏನೂ ಲಾಭ ಇಲ್ಲ. ಸ್ಟೇಜ್ ಮೇಲೆ ಗಿಟಾರನ್ನು ಹಿಡಿದು ಆಡಿಸಲು, ತೂಗಿಸಲು ಒಂದು ಹಿಡಿತ ಸಿಗುತ್ತೆ, ಅಷ್ಟೆ. ಸ್ಟೀವ್ ವಾಯ್ ಸ್ಟೇಜ್ ಮೇಲೆ ಸುಮ್ನೆ ನಿಲ್ಲುವ ಮನುಷ್ಯ ಅಲ್ಲ, ಅವರಿಗೆ ಅದು ಬೇಕಿತ್ತು. ಮನೆಯಲ್ಲಿ ಮಂಚದ ಮೇಲೆ ಕೂತು ನುಡಿಸುವ ನನಗೆ ಅದರಿಂದ ಆಗುವ ಉಪಯೋಗ, ಗಿಟಾರನ್ನು ಈ ಕೋಣೆಯಿಂದ ಆ ಕೋಣೆಗೆ ಒಯ್ಯುವುದು. ಆದರೆ ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಬೇರೆ. ಎಲ್ಲರೂ ಈ ತೂತನ್ನು ನೋಡಿ ನಕ್ಕರು. ಪಕ್ಕದಲ್ಲೇ ಇನ್ನೊಂದು ಗುಳಿ ಇತ್ತು. ಅದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಎಲೆಕ್ಟ್ರಿಕ್ ಗಿಟಾರನ್ನು ಬದಲಾಯಿಸಿದ್ದು ಆ ಗುಳಿ.

ಇಲ್ಲಿ ನೋಡಿ, ಬ್ರಿಡ್ಜಿನ ಹಿಂದೆ, ಅಂದರೆ ಬಾಡಿಯ ಮೇಲೆ ತಂತಿಗಳನ್ನು ಹಿಡಿದಿರುವ ಈ ಲೋಹದ ಭಾಗದ ಹಿಂದೆ. ಮರವನ್ನು ಪಂಜದಿಂದ ಕೆರೆದ ಹಾಗೆ ತೆಗೆದಿದ್ದಾರೆ. ‘ಸಿಂಹದ ಪಂಜ’ ಅಂತಲೇ ಇದಕ್ಕೆ ಹೆಸರು. ಇದು ಯಾಕೆ ಅಂತ ತಿಳಿಯಲು ಟ್ರೆಮೊಲೊ ಬಾರ್, ಅಂದರೆ ಬ್ರಿಡ್ಜಿಗೆ ಸಿಕ್ಕಿಸಿದ ಈ ಕಡ್ಡಿ, ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರಬೇಕು. ಒಂದೆರಡು ನಿಮಿಷ ಸಹಿಸಿಕೊಳ್ಳಿ.

ಆರು ತಂತಿಗಳು ಸೇರಿ ಬ್ರಿಡ್ಜನ್ನು ಮುಂದಕ್ಕೆ ಎಳೆಯುತ್ತವೆ. ತೆಳು ತಂತಿಯ ಸೆಟ್ ಹಾಕಿದರೂ ಆ ಎಳೆತ ಒಟ್ಟು 40 ಕಿಲೋ ಹತ್ತಿರ ಇರುತ್ತೆ. ಗಿಟಾರಿನ ಬೆನ್ನಿನೊಳಗೆ ಸ್ಪ್ರಿಂಗ್‌ಗಳಿವೆ. ಅವು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತವೆ. ಎರಡೂ ಕಡೆ ಸಮ ಆದಾಗ ಬ್ರಿಡ್ಜ್ ತಕ್ಕಡಿಯ ಹಾಗೆ ನಡುವೆ ನಿಲ್ಲುತ್ತೆ. ಬಾರ್ ಒತ್ತಿದರೆ ತಂತಿ ಸಡಿಲ, ಸ್ವರ ಕೆಳಗಿಳಿಯುತ್ತೆ. ಬಾರ್ ಮೇಲಕ್ಕೆತ್ತಿದರೆ ತಂತಿ ಬಿಗಿ, ಸ್ವರ ಏರುತ್ತೆ. ಆದರೆ ಬಾರ್ ಮೇಲಕ್ಕೆತ್ತಿದಾಗ ಬ್ರಿಡ್ಜಿನ ಹಿಂಭಾಗ ಕೆಳಗೆ ಬಾಗಬೇಕು ಅಲ್ವಾ? ಕೆಳಗೆ ಇರುವುದು ಮರ. ಹಳೆಯ ಗಿಟಾರ್‌ಗಳಲ್ಲಿ ಅದು ತಕ್ಷಣ ಹೋಗಿ ಮರಕ್ಕೆ ತಾಗುತ್ತಿತ್ತು. ಇಳಿಯಲು ದಾರಿ ಇತ್ತು, ಏರಲು ದಾರಿ ಇರಲಿಲ್ಲ.

ವಾಯ್ ಮಾಡಿದ್ದು ಸರಳ. ಜೆಮ್ ಬರುವ ಮೊದಲೇ, ತಮ್ಮ ಹಳೆಯ ಹಸಿರು ಗಿಟಾರಿನ ಬ್ರಿಡ್ಜಿನ ಕೆಳಗೆ ಅಡ್ಡ ಬರುವ ಮರವನ್ನು ಕೆತ್ತಿ ತೆಗೆದರು. ಆಮೇಲೆ ಕಂಪನಿ ಅದನ್ನೇ ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ಈಗ ಬಾರ್ ಎತ್ತಿದರೆ, ನೆಕ್ ಮೇಲೆ ಹಲವಾರು ಮನೆ ದಾಟಿದಷ್ಟು ಸ್ವರ ಮೇಲಕ್ಕೆ ಹಾರುತ್ತೆ. ಕೇಳಿ. (ಇಲ್ಲಿ ನುಡಿಸಿ ತೋರಿಸಿದೆ. ಒಂದೇ ಸ್ವರ ಮಗುವಿನ ಹಾಗೆ ಕಿರುಚಿತು. ಮುಂದಿನ ಸಾಲಿನ ಒಬ್ಬರು ಕಿವಿ ಮುಚ್ಚಿಕೊಂಡರು.)

ಇದರ ಕಷ್ಟವನ್ನೂ ಹೇಳಬೇಕು. ಇಲ್ಲಾಂದ್ರೆ ನಾನು ಮಾರಾಟಕ್ಕೆ ಬಂದವನ ಹಾಗೆ ಆಗಿಬಿಡುತ್ತೇನೆ. ಹೀಗೆ ನಡುವೆ ತೇಲುವ ಬ್ರಿಡ್ಜಿನಲ್ಲಿ ಒಂದು ತಂತಿ ತುಂಡಾದರೆ ತಕ್ಕಡಿಯ ಒಂದು ಕಡೆ ಹಗುರ ಆಗುತ್ತೆ. ಸ್ಪ್ರಿಂಗ್ ಗೆಲ್ಲುತ್ತೆ. ಉಳಿದ ಐದೂ ತಂತಿಗಳ ಶ್ರುತಿ ಮೇಲೆ ಹೋಗುತ್ತೆ. ಒಮ್ಮೆ ಒಂದು ಕಾರ್ಯಕ್ರಮದಲ್ಲಿ, ಎರಡನೇ ಹಾಡಿನ ಮಧ್ಯದಲ್ಲಿ, ನನ್ನ ಒಂದನೇ ತಂತಿ ಟಣ್ ಅಂತ ಹೋಯಿತು. ಬೇರೆ ಗಿಟಾರ್ ಆಗಿದ್ದರೆ ಐದು ತಂತಿಯಲ್ಲೇ ಹೇಗೋ ಮುಗಿಸುತ್ತಿದ್ದೆ. ಇಲ್ಲಿ ಐದೂ ಅಪಶ್ರುತಿ. ಸರಿ, ಶ್ರುತಿ ಮಾಡಿಕೊಳ್ಳೋಣ ಅಂದರೆ, ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಬಿಗಿಯುವ ಲಾಕಿಂಗ್ ನಟ್ ಇದೆ. ಅದನ್ನು ಬಿಚ್ಚಲು ಅಲೆನ್ ಕೀ, ಅಂದರೆ ಆರು ಮೂಲೆಯ ಪುಟ್ಟ ಬಾಗಿದ ಕಡ್ಡಿ, ಬೇಕು. ಅಲೆನ್ ಕೀ ಬ್ಯಾಗಿನಲ್ಲಿ. ಬ್ಯಾಗು ಬೇರೆ ಕೋಣೆಯಲ್ಲಿ. ಕೋಣೆಗೆ ಬೀಗ. ಡ್ರಮ್ಮರ್ ನನ್ನ ಮುಖ ನೋಡುತ್ತಾ ಅದೇ ತಾಳ ಹೊಡೆಯುತ್ತಲೇ ಇದ್ದ. ಕೊನೆಗೆ ಅಲ್ಲಿ ಯಾರದೋ ಗಿಟಾರ್ ಇಸಿದುಕೊಂಡು ಮುಗಿಸಿದೆ. ಅವತ್ತಿನಿಂದ ನನ್ನ ಗಿಟಾರಿನ ತಲೆಯ ಹಿಂದೆ ಟೇಪ್ ಹಾಕಿ ಒಂದು ಅಲೆನ್ ಕೀ ಅಂಟಿಸಿಟ್ಟಿದ್ದೇನೆ. ಆಮೇಲೆ ಬಂದು ನೋಡಿ, ಟೇಪ್ ಕಪ್ಪಾಗಿದೆ.

ಈಗ ಒಂದು ತಮಾಷೆ ನೋಡಿ. ಜೆಮ್ ಬಂದ ಮರುವರ್ಷ, 1988ರಲ್ಲಿ, ಫೆಂಡರ್ ಕಂಪನಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರಿನ ಸ್ಟ್ರಾಟೊಕಾಸ್ಟರ್ ಗಿಟಾರ್ ತಂದಿತು. ಕ್ಲಾಪ್ಟನ್‌ಗೆ ಟ್ರೆಮೊಲೊ ಬೇಡವೇ ಬೇಡ. ಹಾಗಾದರೆ ತೆಗೆದುಬಿಡಿ ಅಂದರೆ, ಬೆನ್ನಿನ ಸ್ಪ್ರಿಂಗ್ ಬೇಕು. ಆ ಗುಂಯ್ ಅನ್ನುವ ನಾದ ಅವರಿಗೆ ಇಷ್ಟ. ಹಾಗಾಗಿ ಟ್ರೆಮೊಲೊ ಇಟ್ಟು, ಅದು ಅಲ್ಲಾಡದ ಹಾಗೆ ಸಂದಿಗೆ ಒಂದು ಮರದ ತುಂಡು ತುರುಕಿದರು. ಒಬ್ಬರು ಮರ ಕೆತ್ತಿ ತೆಗೆದರು, ಇನ್ನೊಬ್ಬರು ಮರ ತಂದು ತುಂಬಿದರು. ಎರಡೂ ಸಿಗ್ನೇಚರ್ ಗಿಟಾರ್. ಯಾವುದು ಸರಿ ಅಂತ ನನ್ನನ್ನು ಕೇಳಬೇಡಿ. ಒಬ್ಬೊಬ್ಬರ ತಕರಾರು ಒಂದೊಂದು. ನನಗಂತೂ ಸಿಗ್ನೇಚರ್ ಗಿಟಾರ್ ಅಂದರೆ ಅಂಗಡಿಯಲ್ಲಿ ಸಿಗುವ ಗಿಟಾರಿನ ಮೇಲೆ ಒಬ್ಬ ಮನುಷ್ಯ ಬರೆದ ದೂರು ಅರ್ಜಿ. ಕೆಳಗಿನ ಸಹಿ ಅದಕ್ಕೇ.

ಅರ್ಜಿಯನ್ನು ಕಂಪನಿಗಳು ಯಾವಾಗಲೂ ಓದುತ್ತವೆ ಅಂತ ಏನಿಲ್ಲ. 1950ರ ದಶಕದಲ್ಲಿ ಗ್ರೆಚ್ ಕಂಪನಿ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಹೆಸರಿನಲ್ಲಿ ಗಿಟಾರ್ ತಂದಿತು. ಕಿತ್ತಳೆ ಬಣ್ಣ. ಬಾಡಿಯ ಮೇಲೆ ದನಕ್ಕೆ ಬರೆ ಹಾಕಿದ ಹಾಗೆ ಇಂಗ್ಲಿಷಿನ ‘ಜಿ’ ಅಕ್ಷರ. ನೆಕ್ ಮೇಲೆ ಹಸುವಿನ ತಲೆ, ಪಾಪಾಸುಕಳ್ಳಿ. ಆಟ್ಕಿನ್ಸ್‌ಗೆ ಈ ಕೌಬಾಯ್ ವೇಷ ಹಿಡಿಸಲೇ ಇಲ್ಲ. ಅವರ ನಿಜವಾದ ಬೇಡಿಕೆ ಬೇರೆ ಇತ್ತು: ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಗುಂಯ್‌ಗುಡಬಾರದು, ಸ್ಪೀಕರಿನ ಸದ್ದಿಗೆ ಟೊಳ್ಳು ಬಾಡಿ ಅದುರಿ ಕೂಗಬಾರದು (ಫೀಡ್‌ಬ್ಯಾಕ್). ಮೊದಲನೆಯದಕ್ಕೆ ರೇ ಬಟ್ಸ್ ಅನ್ನುವವರು ಫಿಲ್ಟರ್‌ಟ್ರಾನ್ ಅಂತ ಎರಡು ಕಾಯಿಲಿನ (ತಂತಿ ಸುರುಳಿಯ) ಪಿಕಪ್ ಮಾಡಿಕೊಟ್ಟರು. ಎರಡನೆಯದಕ್ಕೆ, ಆಮೇಲೆ ಬಂದ ಕಂಟ್ರಿ ಜೆಂಟಲ್‌ಮನ್ ಮಾಡೆಲಿನಲ್ಲಿ, ಮೇಲಿನ ಹಲಗೆಯ ತೂತುಗಳನ್ನು ಪೂರ್ತಿ ಮುಚ್ಚಿಬಿಟ್ಟರು. ಆದರೆ ತೂತಿಲ್ಲದ ಗಿಟಾರ್ ನೋಡಲು ಬೋಳು ಬೋಳು. ಅದಕ್ಕೆ ತೂತು ಇದ್ದ ಜಾಗದಲ್ಲಿ ತೂತಿನ ಆಕಾರ ಮಾತ್ರ ಮೂಡಿಸಿದರು. ಸುಳ್ಳು ತೂತು! ಜೆಮ್‌ನ ತೂತಿಗೆ ನಗುವವರು ಇದಕ್ಕೂ ಒಂದು ನಗು ಇಟ್ಟುಕೊಳ್ಳಬೇಕು. ಬಹಳ ವರ್ಷ ಆದಮೇಲೆ ಪಾಲ್ ಗಿಲ್ಬರ್ಟ್ ತಮ್ಮ ಗಟ್ಟಿ ಮರದ ಐಬನೆಜ್ ಮೇಲೆ ಬೇಕಂತಲೇ ಇಂಥ ತೂತುಗಳನ್ನು ಪೇಂಟ್ ಮಾಡಿಸಿದರು. ಅದಕ್ಕೆ ಯಾವ ಕಾರಣವೂ ಇಲ್ಲ. ನನಗೆ ಅದು ತುಂಬಾ ಇಷ್ಟ.

ಗಿಟಾರ್ ವಾದಕ ಲೆಸ್ ಪಾಲ್ ಅವರ ಕಥೆ ಇನ್ನೂ ನೋವಿನದು. 1952ರಲ್ಲಿ ಗಿಬ್ಸನ್ ಕಂಪನಿ ಅವರ ಹೆಸರಿನ ಗಿಟಾರ್ ತಂದಾಗ, ಬ್ರಿಡ್ಜ್ ಅವರದೇ ವಿನ್ಯಾಸ. ತಂತಿ ಬ್ರಿಡ್ಜಿನ ಕಂಬಿಯ ಮೇಲೆ ಹಾದುಹೋಗಬೇಕಿತ್ತು. ನೆಕ್ಕಿನ ಕೋನ ಸಾಲದೆ ಕಂಪನಿಯವರು ಕಂಬಿಯ ಕೆಳಗಿಂದ ತಂತಿ ಹಾಕಿದರು. ಅಂಗೈ ಅಂಚನ್ನು ತಂತಿಗೆ ತಾಗಿಸಿ ನಾದ ಅಡಗಿಸಲು ಜಾಗವೇ ಇಲ್ಲ. ಹೆಸರಿದ್ದವರ ಗಿಟಾರೇ ಅವರ ಕೈಗೆ ಒಗ್ಗದ ಹಾಗಾಯಿತು. ಮುಂದೆ ಅದು ಸರಿಹೋಯಿತು. 1961ರಲ್ಲಿ ಆಕಾರವನ್ನೇ ಬದಲಾಯಿಸಿ ಎರಡು ಕೊಂಬು ಮಾಡಿದಾಗ ಅವರಿಗೆ ಅದೂ ಇಷ್ಟ ಆಗಲಿಲ್ಲ. ಒಂದೆರಡು ವರ್ಷಗಳಲ್ಲಿ ಅವರ ಹೆಸರು ಅದರಿಂದ ಹೋಯಿತು. ಇವತ್ತು ಎಸ್‌ಜಿ ಅಂತ ಕರೆಯುವುದು ಅದನ್ನೇ.

ಮತ್ತೆ ಜೆಮ್‌ಗೆ ಬರೋಣ. ಇಲ್ಲಿ ನೆಕ್ ಮೇಲೆ 24 ಫ್ರೆಟ್, ಅಂದರೆ ಅಡ್ಡ ಕೂರಿಸಿದ ಲೋಹದ ಪಟ್ಟಿ, ಇವೆ. ಕೊನೆಯ ನಾಲ್ಕು ಮನೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಫ್ರೆಟ್‌ಗಳ ನಡುವಿನ ಮರವನ್ನು ದೋಣಿಯ ಹಾಗೆ ತಗ್ಗಿಸಿದ್ದಾರೆ. ಸ್ಕ್ಯಾಲಪ್ ಅನ್ನುತ್ತಾರೆ. ಯಂಗ್ವೀ ಮಾಲ್ಮ್‌ಸ್ಟೀನ್ ಅವರ ಫೆಂಡರ್ ಸಿಗ್ನೇಚರ್, ಅದೂ 1988ರದ್ದೇ, ಅದರಲ್ಲಿ ಪೂರ್ತಿ ಫ್ರೆಟ್‌ಬೋರ್ಡ್ ಹೀಗಿದೆ. ಬೆರಳು ಮರಕ್ಕೆ ತಾಗುವುದಿಲ್ಲ, ತಂತಿ ಮಾತ್ರ ಬೆರಳಿಗೆ ಸಿಗುತ್ತೆ. ವೀಣೆ ನುಡಿಸುವವರಿಗೆ ಇದರಲ್ಲಿ ಹೊಸತೇನೂ ಕಾಣಲ್ಲ. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿವೆ, ಕೆಳಗೆ ಬೆರಳಿಗೆ ಸಿಗುವ ಮರವೇ ಇಲ್ಲ. ತಂತಿಯನ್ನು ಎಳೆದು ಗಮಕ ತೆಗೆಯುವುದು ಹಾಗೆ. ಶಕ್ತಿ ತಂಡದಲ್ಲಿ ನುಡಿಸುವಾಗ ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರಿನಲ್ಲೂ ಮರ ತಗ್ಗಿಸಿತ್ತು. ಅದರ ಜೊತೆಗೆ ಅಡ್ಡಡ್ಡವಾಗಿ ಅನುರಣನದ ತಂತಿಗಳೂ ಇದ್ದವು.

ಸ್ಕ್ಯಾಲಪ್ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ. ಮೊದಲ ವಾರ ಸ್ವರ್ಗ. ತಂತಿ ಬೆರಳಿಗೆ ಅಂಟಿಕೊಂಡ ಹಾಗೆ, ಎಷ್ಟು ಬೇಕೋ ಅಷ್ಟು ಬಾಗುತ್ತೆ. ಎರಡನೇ ವಾರ ರೆಕಾರ್ಡ್ ಮಾಡಿ ಕೇಳಿದೆ. ಪ್ರತಿ ಸ್ವರವೂ ಕೂದಲೆಳೆಯಷ್ಟು ಮೇಲೆ. ಯಾಕೆಂದರೆ ನನ್ನ ಬೆರಳಿಗೆ ಬಲವಾಗಿ ಒತ್ತುವ ಅಭ್ಯಾಸ. ಸಾಮಾನ್ಯ ಗಿಟಾರಿನಲ್ಲಿ ಮರ ಅದನ್ನು ತಡೆಯುತ್ತೆ. ಇಲ್ಲಿ ತಡೆಯುವವರು ಯಾರೂ ಇಲ್ಲ, ಜಾಸ್ತಿ ಒತ್ತಿದಷ್ಟೂ ಶ್ರುತಿ ಏರುತ್ತೆ. ಬೆರಳು ಹಗುರ ಮಾಡಿಕೊಳ್ಳಲು ತಿಂಗಳುಗಟ್ಟಲೆ ಬೇಕಾಯಿತು. ಈಗ ಕೇಳಿದರೆ, ನಾಲ್ಕೇ ಮನೆಗೆ ಸ್ಕ್ಯಾಲಪ್ ಮಾಡಿದ್ದು ಜಾಣತನ ಅನ್ನುತ್ತೇನೆ. ಕೊನೆಯ ಮನೆಗಳು ಇಕ್ಕಟ್ಟು, ಅಲ್ಲಿ ಬೆರಳಿಗೆ ಹಿಡಿತ ಬೇಕು. ಕೆಳಗೆ ಕಾರ್ಡ್ ಹಿಡಿಯುವ ಜಾಗದಲ್ಲಿ ಮರ ಇದ್ದರೇ ವಾಸಿ.

ಪಿಕಪ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎರಡು ತುದಿಗೆ ಹಮ್‌ಬಕರ್, ಅಂದರೆ ಎರಡು ಕಾಯಿಲಿನ ಪಿಕಪ್, ನಡುವೆ ಸಿಂಗಲ್ ಕಾಯಿಲ್. ಐದು ದಾರಿಯ ಸ್ವಿಚ್. ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಹಮ್‌ಬಕರಿನ ಒಂದು ಕಾಯಿಲ್ ಮಾತ್ರ ನಡುವಿನ ಪಿಕಪ್ ಜೊತೆ ಸೇರುತ್ತೆ. ಅಂದರೆ ದಪ್ಪ ನಾದವೂ ಸಿಗುತ್ತೆ, ತೆಳು ಗಾಜಿನಂಥ ನಾದವೂ ಸಿಗುತ್ತೆ. ನಿಮಗಿದು ಹೊಸದು ಅನ್ನಿಸಲಿಕ್ಕಿಲ್ಲ. ನಿಮ್ಮಲ್ಲಿ ಅರ್ಧ ಜನರ ಗಿಟಾರಿನಲ್ಲಿ ಇದೇ ಇದೆ. ನಾನು ಹೇಳಲು ಹೊರಟಿದ್ದೂ ಅದನ್ನೇ. ಅದೇ 1987ರಲ್ಲಿ ಐಬನೆಜ್ ಆರ್‌ಜಿ550 ಅಂತ ಇನ್ನೊಂದು ಗಿಟಾರ್ ತಂದಿತು. ಜೆಮ್‌ನ ತಮ್ಮ ಅನ್ನಿ. 24 ಫ್ರೆಟ್, ಅದೇ ಪಿಕಪ್ ಜೋಡಣೆ, ತೇಲುವ ಬ್ರಿಡ್ಜ್, ಎಲ್ಲ ಇತ್ತು. ಹಿಡಿಕೆ ಇರಲಿಲ್ಲ, ಹೆಸರೂ ಇರಲಿಲ್ಲ. ಆಮೇಲೆ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ಎಲ್ಲರ ತಕರಾರೂ ಆಗಿದ್ದ ಸಂಗತಿ ಎಲ್ಲರ ಗಿಟಾರಿಗೂ ಹೋಯಿತು, ಹೋಗಿ ಕಾಣದಂತಾಯಿತು. ಒಬ್ಬರಿಗೆ ಮಾತ್ರ ಬೇಕಿದ್ದ ಹಿಡಿಕೆ ಒಬ್ಬರ ಹತ್ತಿರವೇ ಉಳಿಯಿತು, ಇವತ್ತಿಗೂ ಕಾಣುತ್ತೆ. 2020ರಲ್ಲಿ ವಾಯ್ ಅವರ ಹೊಸ ಮಾಡೆಲ್ ಪಿಯಾ ಬಂದಾಗಲೂ ಹಿಡಿಕೆ ಬಿಡಲಿಲ್ಲ. ಆಕಾರ ಮಾತ್ರ ಹೂವಿನ ಎಸಳಿನ ಹಾಗೆ ಆಯಿತು.

ವಾಯ್ ಅವರದೇ ಇನ್ನೊಂದು ಗಿಟಾರ್ ಯೂನಿವರ್ಸ್, 1990ರದ್ದು. ಏಳು ತಂತಿ. ಅವರು ಅದರಲ್ಲಿ ಎತ್ತರದ, ಹಾರುವ ಸಂಗೀತ ನುಡಿಸಿದರು. ಆಮೇಲೆ ಕಾರ್ನ್ ತಂಡದ ಇಬ್ಬರು ಹುಡುಗರು ಅದೇ ಏಳನೇ ತಂತಿಯನ್ನು ಇನ್ನೂ ಕೆಳಗಿಳಿಸಿ, ಭೂಮಿ ಅದುರುವ ಹಾಗೆ ಬಾರಿಸಿದರು. ಬೇಡಿಕೆ ಇಟ್ಟವರ ಮನಸ್ಸಿನಲ್ಲಿ ಅದು ಇದ್ದಿರಲಿಕ್ಕಿಲ್ಲ.

ಸ್ವಿಚ್ ಅಂದಾಗ ಕ್ವೀನ್ ತಂಡದ ಬ್ರಯಾನ್ ಮೇ ಅವರನ್ನು ಬಿಟ್ಟು ಮುಂದೆ ಹೋಗಲು ಆಗಲ್ಲ. 1963ರಲ್ಲಿ, ಇನ್ನೂ ಶಾಲೆಗೆ ಹೋಗುವ ಹುಡುಗ, ಗಿಟಾರ್ ಕೊಳ್ಳಲು ದುಡ್ಡಿಲ್ಲದೆ ತಂದೆಯ ಜೊತೆ ಸೇರಿ ತಾನೇ ಒಂದು ಮಾಡಲು ಶುರು ಮಾಡಿದ. ಸುಮಾರು ಎರಡು ವರ್ಷ ಹಿಡಿಯಿತು. ನೆಕ್ಕಿನ ಮರ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನದು. ಮರದಲ್ಲಿ ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿದರು. ಟ್ರೆಮೊಲೊ ಸ್ಪ್ರಿಂಗ್ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್. ಬಾರಿನ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುದಿ. ನೆಕ್ ಮೇಲಿನ ಚುಕ್ಕಿಗಳು ಅಮ್ಮನ ಗುಂಡಿ ಡಬ್ಬಿಯ ಮುತ್ತಿನ ಗುಂಡಿಗಳು. 1984ರಲ್ಲಿ ಗಿಲ್ಡ್ ಕಂಪನಿ ಇದರ ಸಿಗ್ನೇಚರ್ ಮಾಡೆಲ್ ತಂದಿತು. ಮನೆಯಲ್ಲಿ ಸಿಕ್ಕಿದ್ದರಲ್ಲಿ ಮಾಡಿದ್ದನ್ನು ಕಾರ್ಖಾನೆಯವರು ಹೊಸ ಸಾಮಾನಿನಲ್ಲಿ ನಕಲು ಮಾಡಬೇಕಾಯಿತು!

ಅದರ ಅಪರೂಪ ಇರುವುದು ಆರು ಪುಟ್ಟ ಸ್ವಿಚ್‌ಗಳಲ್ಲಿ. ಮೂರು ಪಿಕಪ್. ಒಂದೊಂದಕ್ಕೂ ಎರಡು ಸ್ವಿಚ್: ಒಂದು ಆನ್–ಆಫ್, ಇನ್ನೊಂದು ಫೇಸ್, ಅಂದರೆ ಸಂಕೇತದ ಅಲೆಯ ದಿಕ್ಕು, ತಿರುಗಿಸಲು. ಎರಡು ಪಿಕಪ್ ಒಂದೇ ತಂತಿಯನ್ನು ಕೇಳುತ್ತಿವೆ ಅಂದುಕೊಳ್ಳಿ. ಒಂದನ್ನು ತಿರುಗಿಸಿದರೆ, ಒಂದು ‘ಹೂಂ’ ಅಂದಾಗ ಇನ್ನೊಂದು ‘ಊಹೂಂ’ ಅನ್ನುತ್ತೆ. ಇಬ್ಬರೂ ಒಂದೇ ಥರ ಕೇಳಿದ ಭಾಗ ಅಳಿಸಿಹೋಗುತ್ತೆ. ಮುಖ್ಯವಾಗಿ ಮಂದ್ರ ಹೋಗುತ್ತೆ. ಬೇರೆ ಬೇರೆ ಕೇಳಿದ್ದು ಮಾತ್ರ ಉಳಿಯುತ್ತೆ. ಉಳಿಯುವುದು ಮೂಗಿನಿಂದ ಬರುವ ತೆಳ್ಳನೆ, ಚೂಪು ನಾದ. ಒಂಟಿಯಾಗಿ ಕೇಳಿದರೆ ಬಡಕಲು. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಸೇರಿಸಿದರೆ ಇಡೀ ತಂಡದ ಮಧ್ಯೆ ಸೂಜಿಯ ಹಾಗೆ ತೂರಿಕೊಂಡು ಬರುತ್ತೆ. ಆದರೆ ನಿಜ ಹೇಳಲಾ? ಹಾಡಿನ ಮಧ್ಯದಲ್ಲಿ ಆರು ಸ್ವಿಚ್ ಜೊತೆ ಒದ್ದಾಡುವುದು ನನ್ನ ಕೈಲಾಗಲ್ಲ. ಆ ಗಿಟಾರ್ ಮಾಡಿದ ಹುಡುಗನಿಗೆ ಯಾವ ಸ್ವಿಚ್ ಏನು ಅಂತ ಕನಸಿನಲ್ಲೂ ಗೊತ್ತು. ಕೊಂಡು ತಂದವರು ಅದನ್ನು ಬಾಯಿಪಾಠ ಮಾಡಬೇಕು.

ಹಾಗಂತ ಸಿಗ್ನೇಚರ್ ಅಂದರೆ ಸೇರಿಸುವುದೇ ಅಲ್ಲ. ಬ್ಲಿಂಕ್-182 ತಂಡದ ಟಾಮ್ ಡಿಲಾಂಜ್ ಅವರ 2001ರ ಸ್ಟ್ರಾಟೊಕಾಸ್ಟರ್‌ನಲ್ಲಿ ಒಂದೇ ಪಿಕಪ್, ಒಂದೇ ನಾಬ್. ನಾದದ ಮೊನಚು ತಗ್ಗಿಸುವ ಟೋನ್ ನಾಬ್ ಇಲ್ಲ, ಪಿಕಪ್ ಆರಿಸುವ ಸ್ವಿಚ್ ಇಲ್ಲ, ಟ್ರೆಮೊಲೊ ಇಲ್ಲ. ಬಂದ ಹೊಸದರಲ್ಲಿ ಇದೇನು ಆಟಿಕೆಯಾ ಅಂತ ನಾನೂ ಅಂದಿದ್ದೆ. ಈಗ ಹಾಗನ್ನಲ್ಲ. ನನ್ನ ಸ್ವಂತ ಗಿಟಾರಿನ ಟೋನ್ ನಾಬ್ ಯಾವಾಗಲೂ ಹತ್ತರಲ್ಲೇ, ಅಂದರೆ ಪೂರ್ತಿ ತೆರೆದೇ ಇರುತ್ತೆ. ನಿಮ್ಮದು? ನೋಡಿ, ಎಲ್ಲರೂ ನಗುತ್ತಿದ್ದೀರಿ.

ಬಾಡಿಯ ಆಕಾರಕ್ಕೂ ಒಂದು ತಕರಾರು ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಸೇಂಟ್ ವಿನ್ಸೆಂಟ್ ಹೆಸರಿನಲ್ಲಿ ಹಾಡುವ ಆ್ಯನಿ ಕ್ಲಾರ್ಕ್ ಅವರ ಮ್ಯೂಸಿಕ್ ಮ್ಯಾನ್ ಗಿಟಾರ್ 2016ರಲ್ಲಿ ಬಂತು. ಕೋನ ಕೋನವಾದ, ಸೊಂಟ ಸಣ್ಣಗಿರುವ, ಹಗುರ ಬಾಡಿ. ಹಳೆಯ ಗಿಟಾರ್‌ಗಳ ಭಾರ, ಅಗಲ ಅವರ ಮೈಗೆ ಹೊಂದುತ್ತಿರಲಿಲ್ಲ. ಎದೆಗೆ ಒತ್ತದ, ಭುಜ ನೋಯಿಸದ ಗಿಟಾರ್ ಬೇಕಿತ್ತು. ನೋಡಲು ಅದೇ ಎಲ್ಲಕ್ಕಿಂತ ವಿಚಿತ್ರ ಆಕಾರ. ಅಲ್ಲಿ ಶೋಕಿಗೆ ಅಂತ ಕೊರೆದ ಒಂದು ಮೂಲೆಯೂ ಇಲ್ಲ ಅಂತ ತೊಡೆ ಮೇಲಿಟ್ಟುಕೊಂಡಾಗಲೇ ಗೊತ್ತಾಗಿದ್ದು. ನನ್ನ ಮುಂಗೈ ಒತ್ತುವ ಜಾಗದಲ್ಲಿ ಮರವೇ ಇರಲಿಲ್ಲ.

ಕೊನೆಯಲ್ಲಿ ಪ್ರಶ್ನೆಗಳು ಬಂದವು. ಟ್ರೆಮೊಲೊ ಬ್ಲಾಕ್ ಮಾಡಬಹುದಾ ಅಂತ ಒಬ್ಬರು ಕೇಳಿದರು. ಧಾರಾಳವಾಗಿ ಮಾಡಿ, ಕ್ಲಾಪ್ಟನ್‌ಗೇ ಬೇಡ ಅಂದಮೇಲೆ ನಿಮಗೂ ಬೇಡದೆ ಇರಬಹುದು. ಮರದ ತುಂಡನ್ನು ಸರಿಯಾಗಿ ಅಳೆದು ಕತ್ತರಿಸಿ, ಬಿಗಿಯಾಗಿ ಕೂರಬೇಕು, ಅಷ್ಟೆ ಅಂದೆ. ಇನ್ನೊಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ನಿಮ್ಮ ಹೆಸರಿನಲ್ಲಿ ಒಂದು ಗಿಟಾರ್ ಮಾಡ್ತೀವಿ ಅಂದ್ರೆ ಏನು ಕೇಳ್ತೀರಿ?”

ಯೋಚನೆ ಮಾಡಲೇ ಇಲ್ಲ. ವಾಲ್ಯೂಮ್ ನಾಬ್ ಒಂದು ಇಂಚು ಹಿಂದೆ ಹೋಗಬೇಕು, ನನ್ನ ಕಿರುಬೆರಳು ಅದಕ್ಕೆ ತಾಗುತ್ತೆ. ಟೋನ್ ನಾಬ್ ಬೇಡ. ಮತ್ತೆ ಅಲೆನ್ ಕೀ ಇಡಲು ಬಾಡಿಯಲ್ಲೇ ಒಂದು ಚಿಕ್ಕ ಗೂಡು ಕೊರೆಯಬೇಕು.

“ಎಲ್ಲಿ ಕೊರೀಬೇಕು ಸರ್?”

ಗಿಟಾರ್ ತಿರುಗಿಸಿ ನೋಡಿದೆ. ಕಂಟ್ರೋಲ್‌ಗಳ ಹತ್ತಿರ ಜಾಗ ಇಲ್ಲ. ಬೆನ್ನಿನಲ್ಲಿ ಸ್ಪ್ರಿಂಗ್ ಇದೆ. ಕೈಗೆ ತಕ್ಷಣ ಸಿಗುವ ಹಾಗೆ, ನುಡಿಸುವಾಗ ಅಡ್ಡ ಬರದ ಹಾಗೆ ಇರುವ ಜಾಗ ಒಂದೇ ಇತ್ತು. ದಪ್ಪ ತಂತಿಯ ಕಡೆ, ಅಂಚಿನಲ್ಲಿ, ಈಗ ಹಿಡಿಕೆ ಇರುವಲ್ಲಿ.